ಹುಲಿ ವರ್ಷದವರು ಒಳಗೆ ಬರಬಾರದು

ಆಸ್ಟಿನ್ ಪಕ್ಕದ ಊರು ಸೀಡರ್ ಪಾರ್ಕಿನ ಮನೆಗೆ ಬಂದು ಇನ್ನೂ ಒಂದು ವಾರ ಆಗಿರಲಿಲ್ಲ. ಗರಾಜಿನ ತುಂಬ ಬಿಚ್ಚದ ಡಬ್ಬಗಳು. ಒಂದು ಸಂಜೆ ನನ್ನ ಆರು ವರ್ಷದ ಮಗಳು ಡ್ರೈವ್‌ವೇಯಲ್ಲಿ ನಿಂತು, ಎದುರು ಮನೆಯ ಸೂರಿನ ಮೇಲೆ ಆಗಷ್ಟೇ ಮೂಡಿದ್ದ ಚಂದ್ರನಿಗೆ ಬೆರಳು ತೋರಿಸಿ ಏನೋ ಹೇಳುತ್ತಿದ್ದಳು. ಪಕ್ಕದ ಮನೆಯಿಂದ ಹೂವಿನ ಚಿತ್ತಾರದ ಲುಂಗಿಯಂಥದ್ದನ್ನು ಉಟ್ಟ ಒಬ್ಬ ವಯಸ್ಸಾದ ಹೆಂಗಸು ಹುಲ್ಲು ತುಳಿದುಕೊಂಡು ಓಡಿಬಂದರು. ಮಗುವಿನ ಕೈ ಹಿಡಿದು ಕೆಳಗಿಳಿಸಿದರು. ಅವಳ ಅಂಗೈ ಜೋಡಿಸಿ, ಚಂದ್ರನ ಕಡೆ ಮೂರು ಸಲ ತಲೆ ಬಾಗಿಸಿ ಕ್ಷಮೆ ಕೇಳಿಸಿದರು. ಆಮೇಲೆ ಅವಳ ಎರಡೂ ಕಿವಿಗಳ ಹಿಂದೆ ಬೆರಳಾಡಿಸಿ ಪರೀಕ್ಷೆ ಮಾಡಿ, ನನ್ನ ಕಡೆ ನೋಡಿ ನಕ್ಕು, ಬಂದ ಹಾಗೇ ಹೊರಟುಹೋದರು.

“ಅಮ್ಮಾ, ಶೀ ಮೇಡ್ ಮಿ ಸೇ ಸಾರಿ ಟು ದ ಮೂನ್!” ಎಂದಳು ಮಗಳು. ಅವಳಿಗೆ ಬಲು ಖುಷಿಯಾಗಿತ್ತು.

ನನಗೆ ಮಾತ್ರ ಪಿತ್ತ ನೆತ್ತಿಗೇರಿತು. ಕಂಪ್ಯೂಟರ್ ಚಿಪ್ಪುಗಳ ವಿನ್ಯಾಸದಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಯಾಕೆ ಎಂದು ಕೇಳದೆ ಯಾವುದನ್ನೂ ಒಪ್ಪಿದವಳಲ್ಲ. ಮೈಸೂರಿನಲ್ಲಿ ಬೆಳೆಯುವಾಗ ಹೊಸಿಲ ಮೇಲೆ ಕೂರಬೇಡ, ಖಾಲಿ ತೊಟ್ಟಿಲು ತೂಗಬೇಡ, ದೀಪ ಹಚ್ಚಿದ ಮೇಲೆ ಕಸ ಗುಡಿಸಬೇಡ ಎಂದು ಯಾರಾದರೂ ಹೇಳಿದರೆ ಬೇಕೆಂದೇ ಅದನ್ನು ಮಾಡಿ, ಏನಾಗುತ್ತದೋ ನೋಡೋಣ ಎಂದು ಕಾದು ಕೂರುತ್ತಿದ್ದೆ. ಏನೂ ಆಗುತ್ತಿರಲಿಲ್ಲ, ಅಮ್ಮನಿಂದ ಒಂದು ಏಟು ಬೀಳುತ್ತಿತ್ತು, ಅಷ್ಟೆ. ಅದನ್ನೆಲ್ಲ ಬಿಟ್ಟು ಇಷ್ಟು ದೂರ ಬಂದರೆ ಇಲ್ಲಿ ಪಕ್ಕದ ಮನೆಯಲ್ಲೇ ಅದು ಲುಂಗಿ ಉಟ್ಟುಕೊಂಡು ಕಾಯುತ್ತಿತ್ತು.

ಮರುದಿನ ಬೆಳಿಗ್ಗೆ ಜಡೆ ಹಾಕುವಾಗ ನೋಡಿದರೆ ಮಗಳ ಬಲಗಿವಿಯ ಹಿಂದೆ ಕೂದಲೆಳೆಯಷ್ಟು ತೆಳ್ಳಗಿನ ಒಂದು ಕೆಂಪು ಗೀರು! ಡಬ್ಬ ಎಳೆಯುವಾಗ ತಗುಲಿರಬೇಕು. ಮೊದಲೇ ಇದ್ದಿರಲೂಬಹುದು. ಹಾಗಂತ ನನಗೆ ನಾನೇ ಹೇಳಿಕೊಂಡೆ, ಆದರೆ ಆ ಹೆಂಗಸು ಹುಡುಕಿದ್ದು ಅದೇ ಜಾಗವನ್ನು ಎಂದು ನೆನಪಾಗಿ ಮೈ ಜುಮ್ಮೆಂದದ್ದು ಸುಳ್ಳಲ್ಲ. ಚಂದ್ರನಿಗೆ ಬೆರಳು ತೋರಿಸಿದವರ ಕಿವಿಯನ್ನು ಅವನು ಬಂದು ಕೊಯ್ಯುತ್ತಾನೆ ಎಂಬುದು ಅವರ ಕಡೆಯ ನಂಬಿಕೆ ಎಂದು ತಿಳಿದದ್ದು ಆಮೇಲೆ. ಕ್ಷಮೆ ಕೇಳಿದರೆ ಬರೀ ಗೀರಿ ಬಿಡುತ್ತಾನಂತೆ.

ಅವರನ್ನು ನಾನು ಆಂಟಿ ಎಂದೇ ಕರೆದೆ. ಮಲೇಷ್ಯಾದ ಮಲಾಕಾ ಊರಿನವರು. ನೂರಾರು ವರ್ಷಗಳ ಹಿಂದೆ ಚೀನಾದಿಂದ ಹಡಗಿನಲ್ಲಿ ಬಂದ ವ್ಯಾಪಾರಿಗಳು ಆ ಬಂದರುಗಳಲ್ಲೇ ನೆಲೆಸಿ, ಅಲ್ಲಿನ ಹೆಣ್ಣುಗಳನ್ನು ಮದುವೆಯಾದರು. ಆ ಸಂತತಿಗೆ ಪೆರನಾಕನ್ ಎಂದು ಹೆಸರು. ಪೂಜೆ ಚೀನಾದ್ದು, ಉಡುಗೆ ಮಲಯ್ ಜನರದ್ದು, ಅಡುಗೆ ಎರಡೂ ಸೇರಿದ್ದು. ಮೆಂತ್ಯ, ಕೊತ್ತಂಬರಿ ಬೀಜ, ತೆಂಗಿನಹಾಲು, ಹುಣಸೆಹಣ್ಣು ಎಲ್ಲ ಅವರ ಡಬ್ಬಿಗಳಲ್ಲೂ ಇದ್ದವು. ಮಾಡಬಾರದ್ದಕ್ಕೆಲ್ಲ ಅವರಲ್ಲಿ ಪಂತಾಂಗ್ ಎಂಬ ಒಂದೇ ಮಾತು. ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ನಡುನಡುವೆ ಮಲಯ್. ಆದರೆ ನನ್ನ ನೆನಪಿನಲ್ಲಿ ಅವರ ಮಾತೆಲ್ಲ ಕನ್ನಡವಾಗಿಯೇ ಉಳಿದುಬಿಟ್ಟಿದೆ.

ಮನೆಯಲ್ಲಿ ಅವರ ಜೊತೆ ಇದ್ದವರು ಅಳಿಯ ಮತ್ತು ಮೊಮ್ಮಗಳು. ಅಳಿಯ ನನ್ನ ಹಾಗೇ ಚಿಪ್ಪಿನ ಕೆಲಸದವರು, ಮಾತು ಕಡಿಮೆ. ಮಗಳು ತೀರಿಕೊಂಡಾಗ ಮೊಮ್ಮಗಳಿಗೆ ನಾಲ್ಕು ವರ್ಷ. ಕೆಲಸಕ್ಕಾಗಿ ಅಳಿಯ ಟೆಕ್ಸಸ್ಸಿಗೆ ಹೊರಟಾಗ, ವಿಧವೆಯಾಗಿದ್ದ ಆಂಟಿಯೂ ಮಗುವನ್ನು ಎತ್ತಿಕೊಂಡು ವಿಮಾನ ಹತ್ತಿದರು. ಆ ಮಗು ಈಗ ಡಾಲಸ್ಸಿನಲ್ಲಿ ಕೆಲಸ ಮಾಡುವ ಹುಡುಗಿ. ತಿಂಗಳಿಗೊಮ್ಮೆ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಅಜ್ಜಿಯ ಊಟಕ್ಕೆ ಬರುತ್ತಿದ್ದಳು. ಅವರ ಮನೆಯ ಗೋಡೆಯ ಮೇಲೆ ಊದುಬತ್ತಿಯ ಹೊಗೆಯ ಹಿಂದೆ ಅವಳ ತಾಯಿಯ ಫೋಟೋ ಇತ್ತು.

ಆಂಟಿಯ ಪಂತಾಂಗುಗಳಿಗೆ ಲೆಕ್ಕವಿರಲಿಲ್ಲ. ಅಡುಗೆ ಮಾಡುವಾಗ ಹಾಡಿದರೆ ಮುದುಕ ಗಂಡ ಸಿಗುತ್ತಾನೆ. ತಟ್ಟೆಯಲ್ಲಿ ಅನ್ನದ ಅಗುಳು ಬಿಟ್ಟರೆ ಕಟ್ಟಿಕೊಳ್ಳುವವನ ಮುಖದ ತುಂಬ ಸಿಡುಬಿನ ಕಲೆ. ದಿಂಬಿನ ಮೇಲೆ ಕೂತರೆ ಕೂತ ಜಾಗದಲ್ಲೇ ಕುರು. ಒಂದು ಬದಿ ತಿಂದಾದ ಮೀನನ್ನು ತಟ್ಟೆಯಲ್ಲಿ ಮಗುಚಿದರೆ ಸಮುದ್ರದಲ್ಲಿ ಯಾರದೋ ದೋಣಿ ಮಗುಚುತ್ತದೆ. ನಾನು ಸಾಂಬಾರ್ ಕುದಿಯಲಿಟ್ಟು ಗುನುಗುವುದನ್ನು ಕೇಳಿ ನನ್ನ ಗಂಡನ ಕಡೆ ಮರುಕದಿಂದ ನೋಡುತ್ತಿದ್ದರು.

“ಈಗೇನ್ ಆಂಟಿ, ಮದುವೆ ಆಗಿ ಹತ್ತು ವರ್ಷ ಆಯ್ತು. ಮುದುಕ ಸಿಕ್ಕಿ ಆಗಿದೆ,” ಎನ್ನುತ್ತಿದ್ದ ಅವನು. ನಾನು ರೇಗಿದರೆ, “ನಿಮ್ಮಮ್ಮ ನೀನು ಆಫೀಸಿಗೆ ಹೊರಟಾಗ ಎಲ್ಲಿಗೆ ಅಂತ ಕೇಳಲ್ಲ, ಅದಕ್ಕೇನಂತೀಯ?” ಎಂದು ಕಾಲೆಳೆಯುತ್ತಿದ್ದ.

ಅವರ ಹೊಸ ವರ್ಷಕ್ಕೆ ಅಂಟಕ್ಕಿ ಹಿಟ್ಟಿಗೆ ಬೆಲ್ಲದ ಪಾಕ ಸೇರಿಸಿ ಬೆಳಗಿನಿಂದ ಸಂಜೆಯವರೆಗೆ ಹಬೆಯಲ್ಲಿ ಬೇಯಿಸುವ ಒಂದು ಕಡುಬು ಮಾಡುತ್ತಾರೆ. ಒಲೆಯ ಬಳಿ ಕೊಂಕು ಮಾತಾಡುವಂತಿಲ್ಲ, ಜಗಳವಾಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಯಿತೇ ಎಂದು ಕೇಳುವಂತಿಲ್ಲ. ಕೇಳಿದರೆ ಅದು ಬೇಯುವುದೇ ಇಲ್ಲ. ನಾನು ಮಧ್ಯಾಹ್ನ ಹೋದವಳು ಬಾಗಿಲಲ್ಲೇ “ಆಯ್ತಾ ಆಂಟಿ?” ಎಂದುಬಿಟ್ಟೆ. ಆಂಟಿ ಸೌಟು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ಸಂಜೆ ಮುಚ್ಚಳ ತೆಗೆದರೆ ನಡುವೆ ಹಿಟ್ಟು ಹಸಿ! ಹನ್ನೆರಡು ಡಬ್ಬಿಗಳಲ್ಲಿ ಹನ್ನೆರಡೂ ಹಸಿ. ಗ್ಯಾಸ್ ಉರಿ ಕಡಿಮೆಯಾಗಿತ್ತು ಎಂದು ನಾನು ವಾದಿಸಿದೆ. ಆಂಟಿ ವಾದಿಸಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹಿಟ್ಟು ಕಲಸಿದರು, ನಾನು ಇಡೀ ದಿನ ಅವರ ಪಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಷ್ಟು ಹೊತ್ತು ಏನನ್ನೂ ಕೇಳದೆ ನಾನು ಎಂದೂ ಕೂತಿರಲಿಲ್ಲ. ಸಂಜೆಗೆ ಅದು ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ನನಗೆ ಯಾಕೋ ಕಣ್ಣಲ್ಲಿ ನೀರು ಬಂತು.

ಹೀಗೆ ಮೂರು ನಾಲ್ಕು ವರ್ಷ ಕಳೆಯಿತು. ಮೊಮ್ಮಗಳ ಮದುವೆ ಗೊತ್ತಾಯಿತು. ಹುಡುಗ ಹೂಸ್ಟನ್ನಿನವನು; ಅವನ ಅಪ್ಪನಿಗೆ ಅಲ್ಲಿನ ಎನರ್ಜಿ ಕಾರಿಡಾರ್ ಎಂಬ ಪ್ರದೇಶದಲ್ಲಿ ಎಣ್ಣೆ ಕಂಪನಿಯ ಕೆಲಸ. ಮದುವೆಯ ಊಟ, ಡಾನ್ಸ್ ಎಲ್ಲ ಹೂಸ್ಟನ್ನಿನ ಹೋಟೆಲಿನಲ್ಲಿ. ಆದರೆ ಅದಕ್ಕೆ ಮೊದಲು ಒಂದು ಬೆಳಗಿನ ಜಾವ ಸೀಡರ್ ಪಾರ್ಕಿನ ಮನೆಯಲ್ಲಿ ಒಂದು ಶಾಸ್ತ್ರ ಆಗಬೇಕು ಎಂದು ಆಂಟಿ ಹಟ ಹಿಡಿದರು. ಅದರ ಹೆಸರು ಚಿಯು ಥಾವ್. ತಲೆ ಬಾಚುವ ಶಾಸ್ತ್ರ. ಹುಡುಗಿ ಹೆಂಗಸಾಗುವುದು ಅದರಿಂದಲೇ ಹೊರತು ಉಂಗುರದಿಂದಲ್ಲ. ಬದುಕಿನಲ್ಲಿ ಒಂದೇ ಸಲ; ಎರಡನೇ ಮದುವೆಗೂ ಅದನ್ನು ಮತ್ತೆ ಮಾಡುವುದಿಲ್ಲ. ಮದುವೆಯ ದಿನ ಮಂಚದ ಕೆಳಗಿನಿಂದ ಹುಂಜ, ಹೇಟೆ ಬಿಡುವ ಪದ್ಧತಿಯೂ ಇದೆಯಂತೆ. ಹುಂಜ ಮೊದಲು ಹೊರಬಂದರೆ ಗಂಡು ಮಗು. ನಮ್ಮ ಬಡಾವಣೆಯ ಸಂಘ ಕೋಳಿ ಸಾಕಲು ಬಿಡುವುದಿಲ್ಲವೆಂದು ಅದನ್ನು ಮಾತ್ರ ಕೈಬಿಟ್ಟರು.

ಶಾಸ್ತ್ರಕ್ಕೆ ಬೇಕಾದ ದೊಡ್ಡ ಬಿದಿರಿನ ಮೊರ ಆಸ್ಟಿನ್ನಿನಲ್ಲಿ ಸಿಗಲಿಲ್ಲ. ಒಂದು ಶನಿವಾರ ನಾನೇ ಆಂಟಿಯನ್ನು ಕೂರಿಸಿಕೊಂಡು ಹೂಸ್ಟನ್ನಿಗೆ ಡ್ರೈವ್ ಮಾಡಿದೆ. ಅಲ್ಲಿನ ವಿಯೆಟ್ನಾಮಿನವರ ಅಂಗಡಿಯಲ್ಲಿ ಗುಂಡನೆಯ ಮೊರಗಳ ರಾಶಿಯೇ ಇತ್ತು. ಆಂಟಿ ಒಂದೊಂದನ್ನೂ ಬೆಳಕಿಗೆ ಹಿಡಿದು, ಒಂದು ಸೀಳೂ ಬಿಟ್ಟಿರದ ಮೊರವನ್ನು ಆರಿಸಿದರು. ಅದರೊಳಗೆ ಹುಡುಗಿ ಕೂರಬೇಕು. ಜೊತೆಗೆ ಅಕ್ಕಿ ತುಂಬಿದ ಅಳತೆಪಾತ್ರೆ ಇರಬೇಕು. ನನ್ನ ಮದುವೆಯಲ್ಲಿ ನಾನು ಒದ್ದು ಒಳಗೆ ಬಂದ ಹಿತ್ತಾಳೆ ಸೇರು ಮನೆಯಲ್ಲಿದೆ, ಕೊಡಲೇ ಎಂದು ಕೇಳಿದೆ. ಆಂಟಿ ನನ್ನ ಮುಖವನ್ನೇ ನೋಡಿದರು.

“ನೀವೂ ಅಕ್ಕಿ ಅಳೆಯೋದನ್ನ ಇಟ್ಟೇ ಮನೆಗೆ ಕರ್ಕೊಳ್ತೀರಾ?”

“ಕರ್ಕೊಳ್ತಾರೆ. ನಾವು ಅದನ್ನ ಒದೀತೀವಿ.”

ಅವರು ಕಾರಿನಲ್ಲಿ ಬಹಳ ಹೊತ್ತು ನಕ್ಕರು. ಅಮೆರಿಕದ ಹೆದ್ದಾರಿಯ ಮೇಲೆ, ಹಿಂದಿನ ಸೀಟಿನಲ್ಲಿ ಮೊರ ಇಟ್ಟುಕೊಂಡು, ಎಂದೂ ಭೇಟಿಯಾಗದ ಎರಡು ಊರುಗಳು ಒಂದೇ ಪಾತ್ರೆಯ ಮೇಲೆ ಕೈಯಿಟ್ಟದ್ದು ನನಗೆ ಆಗ ದೊಡ್ಡ ಆಶ್ಚರ್ಯವಾಗಿ ಕಂಡಿತು. ಈಗಲೂ ಹಾಗೇ ಕಾಣುತ್ತದೆ.

ವಾಪಸು ಬರುವಾಗ ಅವರು ಕೇಳಿದರು, “ನೀನು ಯಾವ ವರ್ಷ ಹುಟ್ಟಿದ್ದು?” ಎಲ್ಲ ಫಾರಮ್ಮುಗಳಲ್ಲೂ ಬರೆಯುವ ದಿನಾಂಕವನ್ನೇ ಹೇಳಿದೆ. ಆಂಟಿ ಬೆರಳು ಮಡಿಚಿ ಎಣಿಸಿದರು. “ಮೊಲ. ಮೊಲ ಒಳ್ಳೇದು,” ಎಂದು ಸಮಾಧಾನದಿಂದ ಹಿಂದಕ್ಕೆ ಒರಗಿದರು. ಅವರಲ್ಲಿ ಹನ್ನೆರಡು ವರ್ಷಗಳಿಗೆ ಹನ್ನೆರಡು ಪ್ರಾಣಿಗಳು. ಹುಲಿ ವರ್ಷದಲ್ಲಿ ಹುಟ್ಟಿದವರು ಮಾತ್ರ ಆ ಶಾಸ್ತ್ರದ ಕೋಣೆಯೊಳಗೆ ಕಾಲಿಡಬಾರದು, ನೋಡಲೂಬಾರದು. ನೋಡಿದರೆ ಹುಲಿ ಹುಡುಗಿಯನ್ನು ಹಿಡಿಯುತ್ತದೆ.

ಆಮೇಲೆ ಅವರು ಕೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಅವರ ಮನೆತನದ ಪದ್ಧತಿಯಂತೆ ತಾಯಿಯಾದವಳು ಮೂರು ಸಲ ಹುಡುಗಿಯ ತಲೆ ಬಾಚಬೇಕು. ಅವಳಿಗೆ ತಾಯಿ ಇಲ್ಲ. “ಆ ಜಾಗದಲ್ಲಿ ನೀನು ನಿಲ್ತೀಯಾ?” ಎಂದರು.

ನೀವೇ ಯಾಕೆ ನಿಲ್ಲಬಾರದು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ವಿಧವೆ ಎಂದು ಇವರೂ ಹಿಂದೆ ಸರಿಯುತ್ತಿದ್ದಾರೆ, ನಮ್ಮಲ್ಲಿ ಎಷ್ಟೋ ಹೆಂಗಸರು ಹಸೆಮಣೆಯ ಹತ್ತಿರ ಬಾರದೆ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಡುತ್ತಿದ್ದ ಹಾಗೆ ಎಂದುಕೊಂಡೆ. ಬಲು ಸಿಟ್ಟು ಬಂತು. ಆದರೂ ಹೂಂ ಎಂದೆ. ಅಷ್ಟು ದೊಡ್ಡ ಜಾಗವನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಆಂಟಿ ಶಾಸ್ತ್ರದ ಸಾಮಾನುಗಳನ್ನು ತೋರಿಸಲು ಕರೆದರು. ಬಾಚಣಿಗೆ, ಕನ್ನಡಿ, ಕತ್ತರಿ, ಅಳತೆಪಟ್ಟಿ, ಪುಟ್ಟ ತಕ್ಕಡಿ, ಕೆಂಪು ದಾರ. ಅಳತೆಪಟ್ಟಿ ನಡತೆಗೆ, ತಕ್ಕಡಿ ತೂಗಿ ಮಾತಾಡುವುದಕ್ಕೆ, ಕತ್ತರಿ ಯಾಕೆಂದರೆ ಎರಡು ಅಲಗು ಕೂಡಿದರೇ ಕೆಲಸ. ಕೊನೆಯಲ್ಲಿ ಒಂದು ಬಿಳಿ ಅಂಗಿ, ಬಿಳಿ ಇಜಾರ. ಆಂಟಿಯೇ ಕೈಯಲ್ಲಿ ಹೊಲಿದದ್ದು. ಹುಡುಗಿ ಶಾಸ್ತ್ರಕ್ಕೆ ಕೂರುವಾಗ ಅದನ್ನು ಹಾಕಿಕೊಳ್ಳಬೇಕು. ಮುಗಿದ ಮೇಲೆ ತೆಗೆದಿಡಬೇಕು. ಅದನ್ನು ಮತ್ತೆ ಹಾಕುವುದು ಸತ್ತಾಗ.

“ಅದೇ ಬಟ್ಟೆನಾ?” ಎಂದೆ.

ಆಂಟಿ ಒಳಗೆ ಹೋಗಿ ತಮ್ಮ ಸೂಟ್‌ಕೇಸಿನಿಂದ ಒಂದು ಗಂಟು ತಂದು ಬಿಚ್ಚಿದರು. ಮಡಿಕೆಗಳಲ್ಲಿ ಹಳದಿಗೆ ತಿರುಗಿದ್ದ ಬಿಳಿ ಬಟ್ಟೆ, ನಡುವೆ ಕರ್ಪೂರದ ಬಿಲ್ಲೆಗಳು. “ಇದು ನಂದು. ಒಂದ್ಸಲ ಹಾಕ್ಕೊಂಡಾಗಿದೆ, ಇನ್ನೊಂದ್ಸಲ ಬಾಕಿ,” ಎಂದು, ಅಂಗಡಿಯಲ್ಲಿ ಸೀರೆ ತೋರಿಸುವವರಷ್ಟು ನಿರಾಳವಾಗಿ ಅದರ ಕಾಲರು ಸರಿಮಾಡಿದರು. ನಾನು ಕೈ ಹಿಂದೆ ಕಟ್ಟಿಕೊಂಡೆ. ಮುಟ್ಟಲು ಧೈರ್ಯ ಬರಲಿಲ್ಲ. ಮದುವೆಯ ಬೆಳಗನ್ನೂ ಕೊನೆಯ ದಿನವನ್ನೂ ಒಂದೇ ದಾರದಲ್ಲಿ ಹೊಲಿದುಕೊಂಡು, ಅದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಸಮುದ್ರ ದಾಟಿ ಬಂದ ಹೆಂಗಸಿನ ಎದುರು ನನ್ನ ಎಲ್ಲ ಯಾಕೆಗಳು ಬಾಯಿ ಮುಚ್ಚಿಕೊಂಡವು.

ಆ ವಸಂತದಲ್ಲಿ ಅಮ್ಮ ಮೈಸೂರಿನಿಂದ ನಮ್ಮ ಮನೆಗೆ ಬಂದಿದ್ದಳು. ಅಮ್ಮನಿಗೆ ಇಂಗ್ಲಿಷ್ ಬಾರದು, ಆಂಟಿಗೆ ಕನ್ನಡ ಬಾರದು. ಆದರೂ ಇಬ್ಬರೂ ಹಿತ್ತಿಲಲ್ಲಿ ಕೂತು ಕರಿಬೇವು ಬಿಡಿಸುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂದು ದಿನ ರಾಗಿ ಹುರಿಯುತ್ತಿದ್ದ ಅಮ್ಮನಿಗೆ ನಾನು ಹೆಮ್ಮೆಯಿಂದ ಹೇಳಿದೆ: ತಾಯಿಯ ಜಾಗ ನನಗೆ ಕೊಟ್ಟಿದ್ದಾರೆ, ಯಾಕೆಂದರೆ ನಾನು ಮೊಲ.

“ಯಾವ ಮೊಲ?” ಎಂದಳು ಅಮ್ಮ.

ನಾನು ವರ್ಷ ಹೇಳಿದೆ.

“ಅದು ನಿಮ್ಮಪ್ಪ ಸ್ಕೂಲಲ್ಲಿ ಬರೆಸಿದ್ದು. ಮುಂದೆ ಸರ್ಕಾರಿ ಕೆಲಸ ಸಿಕ್ರೆ ರಿಟೈರ್ ಆಗೋದು ಲೇಟಾಗ್ಲಿ ಅಂತ ಜೂನ್ ಒಂದು ಅಂತ ಹಾಕ್ಸಿದ್ರು. ನೀನು ಹುಟ್ಟಿದ್ದು ಅದ್ರ ಹಿಂದಿನ ದೀಪಾವಳಿ ಆಗಿ ಹತ್ತು ದಿನಕ್ಕೆ. ಆನಂದ ಸಂವತ್ಸರ. ಜಾತಕ ನೋಡು ಬೇಕಾದ್ರೆ.”

ನಮ್ಮ ಕಾಲದಲ್ಲಿ ಅರ್ಧ ಕ್ಲಾಸು ಜೂನ್ ಒಂದರಂದೇ ಹುಟ್ಟಿರುತ್ತಿತ್ತು. ತಿಂಗಳು ಸುಳ್ಳೆಂದು ನನಗೂ ಗೊತ್ತಿತ್ತು. ವರ್ಷವೂ ಸುಳ್ಳೆಂದು ತಲೆಗೆ ಹೋಗಿರಲಿಲ್ಲ. ಫೋನಿನಲ್ಲಿ ಹುಡುಕಿದೆ. ಆ ದೀಪಾವಳಿ ಹುಲಿ ವರ್ಷದಲ್ಲಿ ಬಂದಿತ್ತು. ನಾನು ಹುಲಿ.

“ಸುಮ್ನಿರು, ಯಾರಿಗೂ ಹೇಳ್ಬೇಡ,” ಎಂದೆ ಅಮ್ಮನಿಗೆ. “ಇದೆಲ್ಲ ಸುಳ್ಳು ತಾನೆ?”

ಅಮ್ಮ ಬಾಣಲೆಯಿಂದ ತಲೆಯೆತ್ತಲಿಲ್ಲ. “ನಿಂಗೆ ಸುಳ್ಳು. ಅವ್ರಿಗೆ?”

ನಾಲ್ಕು ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹೇಳಿದರೆ ಆ ಜಾಗ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನನ್ನ ಪಾಸ್‌ಪೋರ್ಟೇ ಸಾಕ್ಷಿ. ಹುಟ್ಟಿದ ವರ್ಷಕ್ಕೂ ಹುಡುಗಿಯ ಬಾಳಿಗೂ ಸಂಬಂಧವಿಲ್ಲ ಎಂದು ಸಾವಿರ ಸಲ ವಾದಿಸಬಲ್ಲೆ. ಆದರೆ ಬಾಚಣಿಗೆ ಹಿಡಿದು ಆ ಹುಡುಗಿಯ ಹಿಂದೆ ನಿಂತಂತೆ ಕಲ್ಪಿಸಿಕೊಂಡಾಗಲೆಲ್ಲ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಐದನೆಯ ದಿನ ಆಫೀಸಿನಿಂದ ನೇರವಾಗಿ ಅವರ ಬಾಗಿಲಿಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಹೇಳಿದೆ. “ಆಂಟಿ, ನಾನು ಮೊಲ ಅಲ್ಲ. ಹುಲಿ.”

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು.

“ನಾನೂ ಹುಲಿ,” ಎಂದರು.

ಹುಲಿ ವರ್ಷದಲ್ಲಿ ಹುಟ್ಟಿದ ಹೆಣ್ಣಿಗೆ ಗಂಡು ಸಿಗುವುದೇ ಕಷ್ಟವಾಗಿತ್ತಂತೆ ಆ ಕಾಲದಲ್ಲಿ. ಹೇಗೋ ಮದುವೆಯಾಯಿತು, ಒಬ್ಬಳೇ ಮಗಳು ಹುಟ್ಟಿದಳು. ಆ ಮಗಳ ಶಾಸ್ತ್ರದ ದಿನ ಮಲಾಕಾದ ಮನೆಯಲ್ಲಿ ಅವರು ಪರದೆಯ ಹೊರಗೆ ಕೂತಿದ್ದರು. ತಾಯಿಯ ಜಾಗದಲ್ಲಿ ನಾದಿನಿ ನಿಂತಿದ್ದಳು.

“ಒಳಗೆ ಯಾರೋ, ಎಷ್ಟು ಚೆನ್ನಾಗಿ ಕಾಣ್ತಾಳೆ ಅಂದ್ರು. ನನ್ನ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ. ಪರದೆ ಇಷ್ಟೇ ಸರಿಸ್ದೆ,” ಎಂದು ಎರಡು ಬೆರಳು ಜೋಡಿಸಿ ಅಗಲ ತೋರಿಸಿದರು. “ಬಿಳೀ ಬಟ್ಟೇಲಿ ಅವಳನ್ನ ನೋಡ್ದೆ. ಆರು ವರ್ಷಕ್ಕೆ ಮತ್ತೆ ಅದೇ ಬಟ್ಟೇಲಿ ನೋಡ್ದೆ.”

ಅದು ಕಾಯಿಲೆ, ಹುಲಿಯಲ್ಲ ಎಂದೆ.

“ಹೌದು, ಡಾಕ್ಟರು ಕಾಯಿಲೆ ಹೆಸರು ಬರ್ಕೊಟ್ರು. ಡಾಕ್ಟರು ಹೇಳಿದ್ದೂ ನಿಜ, ಈ ಎರಡು ಬೆರಳೂ ನಿಜ. ನಾನು ಇನ್ನೊಂದ್ಸಲ ಪರೀಕ್ಷೆ ಮಾಡಿ ನೋಡಲ್ಲ.” ಆಮೇಲೆ ನನ್ನ ಕೈ ಒತ್ತಿ ಹೇಳಿದರು, “ನೀನು ಹೇಳ್ದೇ ಇದ್ದಿದ್ರೆ ನಂಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ.”

ಹೇಳದೆ ನಿಂತುಬಿಟ್ಟಿದ್ದರೆ, ಆ ಹುಡುಗಿಗೆ ಮುಂದೆ ಎಂದಾದರೂ ಒಂದು ಜ್ವರ ಬಂದಿದ್ದರೂ, ಅಜ್ಜಿಗೆ ಗೊತ್ತಿಲ್ಲದೆ ನಾನೊಬ್ಬಳೇ ನನ್ನ ಎರಡು ಬೆರಳುಗಳನ್ನು ನೋಡಿಕೊಳ್ಳುತ್ತ ಕೂರಬೇಕಾಗಿತ್ತು. ನಂಬದಿದ್ದರೂ ನೋಡಿಕೊಳ್ಳುತ್ತಿದ್ದೆ. ವಿಧವೆ ಎಂದು ಸರಿದು ನಿಂತಿದ್ದಾರೆ ಎಂದು ನಾನು ರೇಗಿದ್ದೆನಲ್ಲ, ಅವರನ್ನು ಯಾರೂ ಸರಿಸಿರಲಿಲ್ಲ. ಹೊತ್ತು ಬೆಳೆಸಿದ ಒಬ್ಬಳೇ ಮೊಮ್ಮಗಳ ಬದುಕಿನ ಒಂದೇ ಒಂದು ಬೆಳಗನ್ನು ನೋಡದೆ ಇರುವುದಕ್ಕೆ ಅವರೇ ಇಪ್ಪತ್ತು ವರ್ಷದಿಂದ ತಯಾರಾಗುತ್ತಿದ್ದರು.

“ಹಾಗಾದ್ರೆ ನನ್ನ ಸೇರು?” ಎಂದೆ, ಏನು ಹೇಳಬೇಕೋ ತೋಚದೆ.

“ಸೇರು ಯಾವ ವರ್ಷ ಹುಟ್ಟಿದ್ದು?” ಎಂದರು ಆಂಟಿ. “ಅದು ಇರ್ಲಿ.”

ಇನ್ನು ತಾಯಿಯ ಜಾಗಕ್ಕೆ ಯಾರು? ಶಾಸ್ತ್ರ ನಡೆಸಿಕೊಡಲು ಡಾಲಸ್ಸಿನಿಂದ ಅವರದೇ ಜನದ ಒಬ್ಬ ಹಿರಿಯ ಹೆಂಗಸು ಬರುವವರಿದ್ದರು, ಆದರೆ ನಡೆಸುವವರೇ ಆ ಜಾಗದಲ್ಲಿ ನಿಲ್ಲುವಂತಿಲ್ಲ. ಅಮ್ಮನ ಹೆಸರನ್ನು ಎತ್ತಿದ್ದು ಆಂಟಿಯೇ. ಸಂಜೆ ಇಬ್ಬರನ್ನೂ ಎದುರುಬದುರು ಕೂರಿಸಿದೆ. ಅಮ್ಮನಿಗೆ ತಾನು ಹುಟ್ಟಿದ ಇಸವಿ ಗೊತ್ತಿಲ್ಲ, ಸಂವತ್ಸರ ಗೊತ್ತು. “ಸರ್ವಧಾರಿ,” ಎಂದಳು. ನಮ್ಮಲ್ಲಿ ಅರವತ್ತು ಸಂವತ್ಸರ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಂದು ನಾನು ವಿವರಿಸಿದಾಗ ಆಂಟಿ ಅಮ್ಮನ ಮೊಣಕಾಲು ಹಿಡಿದುಕೊಂಡರು. ಅವರಲ್ಲೂ ಅರವತ್ತೇ! ಹನ್ನೆರಡು ಪ್ರಾಣಿ ಐದು ಸುತ್ತು ಸುತ್ತಿದರೆ ಅರವತ್ತು, ಆಮೇಲೆ ಮತ್ತೆ ಮೊದಲಿನಿಂದ. ಇಬ್ಬರು ಮುದುಕಿಯರು ತಮ್ಮ ತಮ್ಮ ಭಾಷೆಯಲ್ಲಿ ಬೆರಳ ಗೆಣ್ಣುಗಳ ಮೇಲೆ ವರ್ಷಗಳನ್ನು ಎಣಿಸುತ್ತ ಹೋದರು. ಇಬ್ಬರೂ ಎಣಿಸುವುದು ಹೆಬ್ಬೆರಳಿನಿಂದಲೇ. ನಾನು ಫೋನು ತೆಗೆಯುವಷ್ಟರಲ್ಲಿ ಆಂಟಿಗೆ ಉತ್ತರ ಸಿಕ್ಕಿತ್ತು. ಇಲಿ.

“ನಾನು ಇಲಿಯಂತಾ?” ಎಂದು ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕಾದ ಮೇಲೆ ಮೊದಲು ಕೇಳಿದ್ದು, “ಮಡೀಲಿ ಬರ್ಬೇಕಾ ಕೇಳು.”

ಆ ದಿನ ಬೆಳಕು ಹರಿಯುವ ಮೊದಲೇ ಅಮ್ಮ ತಲೆಗೆ ನೀರೆರೆದುಕೊಂಡು, ರೇಷ್ಮೆ ಸೀರೆ ಉಟ್ಟು ಪಕ್ಕದ ಮನೆಗೆ ಹೋದಳು. ಡಾಲಸ್ಸಿನ ಹೆಂಗಸು, ಹುಡುಗಿ, ಅವಳ ಅಪ್ಪ, ಜೊತೆಗೆ ನನ್ನ ಅಮ್ಮ ಒಳಕೋಣೆಯಲ್ಲಿ. ಹುಲಿಗಳಿಬ್ಬರಿಗೂ ಗರಾಜು. ಮಡಿಚುವ ಎರಡು ಕುರ್ಚಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಬೀದಿಯ ಕಡೆ ಮುಖ ಮಾಡಿ ಕೂತೆವು. ಆಂಟಿ ಕಸೂತಿಯ ರವಿಕೆ, ಮಣಿ ಪೋಣಿಸಿದ ಚಪ್ಪಲಿ ಹಾಕಿಕೊಂಡು ಮದುವೆಗೆ ಬಂದವರ ಹಾಗೇ ಕೂತಿದ್ದರು. ಎದುರು ಮನೆಯ ಹುಲ್ಲಿಗೆ ನೀರು ಚಿಮ್ಮುತ್ತಿತ್ತು. ಅವರ ಎರಡೂ ಕೈ ತೊಡೆಯ ಮೇಲೆ ಬಿಗಿಯಾಗಿ ಹೆಣೆದುಕೊಂಡಿದ್ದವು. ಬೆರಳುಗಳಿಗೆ ಈ ಸಲ ಬಿಡುವು ಕೊಡಬಾರದು ಎಂದು ನಿಶ್ಚಯಿಸಿದ್ದರೋ ಏನೋ.

ಒಳಗೆ ಮೊರ ಎಳೆದ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ.

ಆಗ ಅಮ್ಮನ ಧ್ವನಿ ಕೇಳಿಸಿತು. ಕಿವುಡರಿಗೆ ಹೇಳುವಷ್ಟು ಜೋರಾಗಿ, ಅಚ್ಚ ಮೈಸೂರು ಕನ್ನಡದಲ್ಲಿ.

“ಇಗೋ, ಕೂಸು ಮೊರದಲ್ಲಿ ಕೂತ್ಕೊಂಡ್ಲು! ನಮ್ಮ ಸೇರು ಪಕ್ಕದಲ್ಲಿದೆ, ತುಂಬಾ ಅಕ್ಕಿ ಇದೆ!”

ನಾನು ಬೆಚ್ಚಿಬಿದ್ದೆ. ಅಮ್ಮ ಯಾರಿಗೆ ಹೇಳುತ್ತಿದ್ದಾಳೆ? ಒಳಗಿರುವವರಲ್ಲಿ ಒಬ್ಬರಿಗೂ ಕನ್ನಡ ಬಾರದು. ಹೊರಗೆ ಕೂತ ನಮಗೇ ಎಂದು ಆಮೇಲೆ ಹೊಳೆಯಿತು.

“ಕೇಳಿಸ್ಕೊಳ್ಳೋದಕ್ಕೆ ಪಂತಾಂಗ್ ಇದೆಯಾ ಆಂಟಿ?” ಎಂದು ಕೇಳಿದೆ.

ಅವರು ಯೋಚಿಸಿದರು. ಅಡ್ಡಡ್ಡ ತಲೆಯಾಡಿಸಿದರು. “ನೋಡಬಾರದು ಅಂತ ಮಾತ್ರ ಇದೆ.”

ನಾನು ಹೇಳತೊಡಗಿದೆ. ಅಮ್ಮ ಒಳಗಿನಿಂದ ಕೂಗಿದ್ದನ್ನು ನಾನು ಹೊರಗೆ ಇಂಗ್ಲಿಷಿಗೆ ತಿರುಗಿಸುತ್ತ ಹೋದೆ: ಬಾಚಣಿಗೆ ತಗೊಂಡೆ. ಮೊದಲನೇ ಸಲ ಬಾಚಿದೆ, ತುದಿವರೆಗೂ, ಎಲ್ಲೂ ಸಿಕ್ಕಾಗಲಿಲ್ಲ. ಕೂದಲು ಮೆತ್ತಗಿದೆ, ಎಣ್ಣೆ ಕಾಣದ ಕೂದಲು, ಮದುವೆ ಮುಗಿದ ಮೇಲೆ ನಾನೇ ಹಚ್ಚುತ್ತೇನೆ. ಎರಡನೇ ಸಲ ಬಾಚಿದೆ. ಮೂರನೇ ಸಲ. ಕನ್ನಡಿ ತೋರಿಸಿದರು. ಹುಡುಗಿ ಅಳುತ್ತಿಲ್ಲ, ಅವರಪ್ಪ ಅಳುತ್ತಿದ್ದಾರೆ. ಬಾಲ್ಯವಿಡೀ ನನ್ನನ್ನು ಅದು ಮಾಡಬೇಡ ಇದು ಮಾಡಬೇಡ ಎಂದು ಬೈದ ಅದೇ ಬಾಯಿ, ಮುಚ್ಚಿದ ಬಾಗಿಲ ಆಚೆಯಿಂದ, ಒಂದು ನಿಯಮವನ್ನೂ ಮುರಿಯದೆ ಒಬ್ಬ ಅಜ್ಜಿಗೆ ಅವಳ ಮೊಮ್ಮಗಳನ್ನು ಕಾಣಿಸುತ್ತಿತ್ತು. ಇಂಥದ್ದು ಹೊಳೆಯುವುದಕ್ಕೆ ಅಮ್ಮ ನನ್ನಷ್ಟು ಓದಿರಬೇಕಾಗಿರಲಿಲ್ಲ.

ಆಂಟಿ ನನ್ನ ಮೊಣಕೈ ಮುಟ್ಟಿದರು. “ನಿಮ್ಮಮ್ಮನ್ನ ಒಂದು ಮಾತು ಕೇಳು. ಬಿಳೀ ಬಟ್ಟೇಲಿ ಯಾರ ಥರ ಕಾಣ್ತಾಳೆ?”

ನಾನು ತಿರುಗದೆಯೇ ಕನ್ನಡದಲ್ಲಿ ಕೂಗಿದೆ. ಅಮ್ಮ ಹುಡುಗಿಯ ಮುಖ ಎತ್ತಿ ನೋಡುತ್ತಿರಬೇಕು, ಗೋಡೆಯ ಫೋಟೋದ ಕಡೆ ನೋಡುತ್ತಿರಬೇಕು.

“ಫೋಟೋದಲ್ಲಿರೋ ಅವರಮ್ಮನ ಥರಾನೇ ಇದ್ದಾಳೆ ಅಂತ ಹೇಳು. ಗದ್ದ ಮಾತ್ರ ಅಜ್ಜೀದು!”

ಹೇಳಿದೆ. ಆಂಟಿ ಹೆಣೆದ ಕೈ ಬಿಡಿಸಿ ತಮ್ಮ ಗದ್ದವನ್ನು ಮುಟ್ಟಿಕೊಂಡರು. ಬಾಗಿಲು ತೆರೆದು ಮೊಮ್ಮಗಳು ತಾನಾಗಿ ಹೊರಗೆ ಬರುವವರೆಗೂ ಅವರು ಹಿಂದಕ್ಕೆ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.